ಬೆನ್ನ ಮೇಲಿನ ಅಡ್ಡಗೀಟು

ಆ ಗೆರೆ ಮೊದಲ ಸಲ ಕಣ್ಣಿಗೆ ಬಿದ್ದಾಗ ಟೈಲರಮ್ಮನಿಗೆ, ಯಾರೋ ತನ್ನ ಗಂಡನ ಬೆನ್ನಿಗೆ ಕೆಂಪು ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಬಿಚ್ಚುವುದನ್ನು ಮರೆತಿದ್ದಾರೆ ಅನ್ನಿಸಿತು. ಹೊಲಿಗೆಯಾದರೂ ನೆಟ್ಟಗಿತ್ತೇ ಎಂದರೆ ಅದೂ ಇಲ್ಲ. ಸೊಂಟದ ಬಲಗಡೆ ಶುರುವಾಗಿ, ಒಂದು ಕಡೆ ಬಳುಕಿ, ಒಂದು ಕಡೆ ಸುತ್ತಿಕೊಂಡು, ಮಷೀನು ತುಳಿಯಲು ಬಾರದವರು ಹೊಡೆದ ಹಾಗೆ ಮೇಲಕ್ಕೆ ಹೋಗಿತ್ತು. ಬೆರಳಾಡಿಸಿದರೆ ಉಬ್ಬು ತಗಲುತ್ತಿತ್ತು.

"ಏನ್ರೀ ಇದು, ಎಲ್ಲಿ ಗೀರಿಸ್ಕೊಂಡು ಬಂದ್ರಿ?"

"ನನಗೇನೇ ಗೊತ್ತು? ನನ್ನ ಬೆನ್ನು ನಾನು ನೋಡಿ ಯಾವ ಕಾಲ ಆಯ್ತೋ. ತುರಿಸ್ತಾ ಇದೆ ಅನ್ನೋದೊಂದು ಗೊತ್ತು. ಸ್ವಲ್ಪ ಕೆರಿ."

ಅವಳು ಕೆರೆಯಲಿಲ್ಲ. ಏನೆಂದು ತಿಳಿಯದ ಯಾವುದನ್ನೂ ಸುಮ್ಮನೆ ಮುಟ್ಟುವವಳಲ್ಲ ಅವಳು. ಗಿರಾಕಿ ಬಟ್ಟೆ ಕೊಟ್ಟರೆ ಮೊದಲು ಒಳಗಡೆ ತಿರುಗಿಸಿ, ಹಳೆಯ ಹೊಲಿಗೆ ನೋಡಿ, ಆಮೇಲೆ ಕತ್ತರಿ ಎತ್ತುವವಳು. ಎತ್ತಿದ ಮೇಲೂ ಇನ್ನೊಂದು ಸಲ ಅಳೆಯುವವಳು. ಗಿರಾಕಿಗಳು ಇದಕ್ಕೇ ಅವಳನ್ನು ಬಯ್ಯುತ್ತಿದ್ದರು, ಇದಕ್ಕೇ ಅವಳ ಹತ್ತಿರ ಬರುತ್ತಿದ್ದರು.

ಗಂಡನನ್ನು ಬೀದಿಯವರೆಲ್ಲ ಪೈಪಣ್ಣ ಎನ್ನುತ್ತಿದ್ದರು. ಊರಿನ ಆ ಭಾಗದಲ್ಲಿ ಹಳೆಯ ಮರದ ಮನೆಗಳೇ ಜಾಸ್ತಿ. ಎಲ್ಲವೂ ಗಿಡ್ಡ ಕಂಬಗಳ ಮೇಲೆ ನಿಂತವು. ನೀರಿನ ಪೈಪುಗಳು ಓಡುವುದು ನೆಲಹಲಗೆಯ ಅಡಿಯಲ್ಲಿ. ಎಲ್ಲಾದರೂ ಸೋರಿದರೆ ಒಬ್ಬರು ಬೆನ್ನ ಮೇಲೆ ಮಲಗಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ, ಸ್ಪ್ಯಾನರನ್ನು ಎದೆಯ ಮೇಲಿಟ್ಟುಕೊಂಡು ತೆವಳಿಕೊಂಡೇ ಹೋಗಬೇಕು. ಆ ಒಬ್ಬರು ಪೈಪಣ್ಣ. ಸೆಕೆಗೆ ಅಂಗಿ ಬಿಚ್ಚಿಟ್ಟು ಬರೀ ಬನಿಯನ್ನಿನಲ್ಲಿ ನುಗ್ಗುತ್ತಿದ್ದ. ಬಿಸಿಲೇ ಕಾಣದ ಆ ಮಣ್ಣು ಯಾವಾಗಲೂ ತಣ್ಣಗೆ, ತೇವವಾಗಿ ಇರುತ್ತಿತ್ತು. ಬೀದಿಯ ಬೆಕ್ಕುಗಳೆಲ್ಲ ಮರಿ ಹಾಕುತ್ತಿದ್ದದ್ದೂ ಅಲ್ಲೇ.

ಔಷಧಿ ಅಂಗಡಿಯವನು ಕೌಂಟರಿನ ಆಚೆಯಿಂದಲೇ ಕತ್ತು ಚಾಚಿ ನೋಡಿ, "ಗಜಕರ್ಣ" ಎಂದು ಒಂದು ಟ್ಯೂಬು ಕೊಟ್ಟ. ಅವಳು ಬೆಳಗ್ಗೆ ಸಂಜೆ ತಪ್ಪದೆ ಹಚ್ಚಿದಳು. ಮುಲಾಮು ಹಚ್ಚಿದ ಜಾಗ ಬಿಟ್ಟು ಗೆರೆ ಮುಂದೆ ಹೋಯಿತು. ಅಲ್ಲಿಗೂ ಹಚ್ಚಿದಳು. ಅದು ಇನ್ನೂ ಮುಂದೆ ಹೋಯಿತು.

ಇದೆಲ್ಲ ಗಂಡ ಹೆಂಡತಿಯ ನಡುವೆಯೇ ಇದ್ದಿದ್ದರೆ ಅವಳಿಗೆ ಅಷ್ಟು ಚಡಪಡಿಕೆ ಆಗುತ್ತಿರಲಿಲ್ಲವೇನೋ. ಆದರೆ ಅದೇ ಹೊತ್ತಿಗೆ ಮಗಳ ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು. ಮಗಳು ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಎರಡು ಬೀದಿ ಆಚೆ ಬಾಡಿಗೆ ಮನೆ. ಅಳಿಯ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆಯಿಲ್ಲ. ಮಗು ಗುಬ್ಬಿಯನ್ನು ಹಗಲು ಹೊತ್ತು ಟೈಲರಮ್ಮನೇ ನೋಡಿಕೊಳ್ಳುವುದೆಂದು, ಗುಬ್ಬಿ ಹುಟ್ಟುವ ಮೊದಲೇ ಮಾತಾಗಿತ್ತು. ಅವಳು ಅಂಗಡಿ ಕೋಣೆಯ ಒಂದು ಮೂಲೆ ಖಾಲಿ ಮಾಡಿ, ಸೂಜಿ ಪಿನ್ನುಗಳನ್ನೆಲ್ಲ ಮೇಲಿನ ಹಲಗೆಗೆ ಸಾಗಿಸಿ, ಉಳಿದ ತುಂಡು ಬಟ್ಟೆಗಳನ್ನು ಜೋಡಿಸಿ ಒಂದು ದಪ್ಪ ಹಾಸು ಹೊಲಿದು ಹಾಸಿಟ್ಟಿದ್ದಳು. ಗುಬ್ಬಿ ಇನ್ನೂ ಮಲಗದ ಆ ಹಾಸನ್ನು ದಿನಾ ಕೊಡವುತ್ತಿದ್ದಳು.

ಆ ಭಾನುವಾರ ಮಗಳು ಬಂದಳು. ಪೈಪಣ್ಣ ಬನಿಯನ್ ಬಿಚ್ಚಿ, ಗುಬ್ಬಿಯನ್ನು ತೊಡೆಯ ಮೇಲೆ ಕುಣಿಸುತ್ತ ಕೂತಿದ್ದ. ಮಗಳು ಹಿಂದಿನಿಂದ ಹಾದು ಹೋಗುತ್ತಿದ್ದವಳು ನಿಂತಳು.

"ಅಪ್ಪಾ, ಬೆನ್ನಿಗೇನು?"

"ಏನೋ ಗಜಕರ್ಣ ಅಂತೆ. ನಿಮ್ಮಮ್ಮ ದಿನಾ ಬಣ್ಣ ಬಳಿತಾಳೆ."

"ಗಜಕರ್ಣ ಗುಂಡಗಿರುತ್ತೆ." ಮಗಳು ಬಗ್ಗಿದಳು. "ಅಮ್ಮಾ, ಇದು ಮುಂಚೆಯಿಂದ ಇಷ್ಟುದ್ದ ಇತ್ತಾ?"

ಸುಳ್ಳು ಹೇಳುವುದು ಟೈಲರಮ್ಮನಿಗೆ ಬರುವುದಿಲ್ಲ. "ಮೊನ್ನೆ ಇಲ್ಲಿ ತನಕ ಇತ್ತು," ಎಂದು ಬೆರಳಿಟ್ಟಳು. "ಈಗ ಇಲ್ಲಿಗೆ ಬಂದಿದೆ."

"ಅಂದ್ರೆ ನಡೀತಾ ಇದೆ."

ಮಗಳು ಬಗ್ಗಿ ಗುಬ್ಬಿಯನ್ನು ಎತ್ತಿಕೊಂಡಳು. ಗಾಬರಿಯಿಂದಲ್ಲ, ಬಿಸಿ ಪಾತ್ರೆಯ ಹತ್ತಿರದಿಂದ ಎತ್ತಿಕೊಳ್ಳುವ ಹಾಗೆ, ಮೆಲ್ಲಗೆ. ಆ ನಿಧಾನವೇ ಟೈಲರಮ್ಮನಿಗೆ ಚುಚ್ಚಿತು.

"ನನ್ನ ನಾದಿನಿ ಕೇಳ್ತಾನೇ ಇದ್ದಾರೆ," ಎಂದಳು ಮಗಳು. "ಮಗು ನಮ್ಮಲ್ಲಿರ್ಲಿ, ವಾರಕ್ಕೊಂದ್ಸಲ ಬಂದು ಕರ್ಕೊಂಡ್ಹೋಗು ಅಂತ. ಮೈಮೇಲೆ ಏನೋ ನಡೆಯೋ ಮನೇಲಿ ನಾನು ಮಗು ಬಿಡಲ್ಲಮ್ಮ. ಅದು ನಿಂತಿದೆ ಅಂತ ಗೊತ್ತಾಗ್ಬೇಕು. ಇಲ್ಲಾಂದ್ರೆ ಗುಬ್ಬಿ ಅಲ್ಲಿಗೆ."

ನಾದಿನಿಯ ಊರು ರೈಲಿನಲ್ಲಿ ಅರ್ಧ ದಿನದ ದಾರಿ.

ಮರುದಿನವೇ ಟೈಲರಮ್ಮ ಗಂಡನನ್ನು ಎಳೆದುಕೊಂಡು ದೊಡ್ಡಾಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋದಳು. ಬೆಂಚುಗಳ ತುಂಬ ಕೆರೆದುಕೊಳ್ಳುವ ಜನ. ನೋಡಿ ನೋಡಿ ಅವಳಿಗೂ ಮೊಣಕೈ ತುರಿಸತೊಡಗಿತು. ತನಗೂ ಅಂಟಿತೋ ಏನೋ ಎಂದು ತೋಳು ಮಡಚಿ ಮಡಚಿ ನೋಡಿಕೊಂಡಳು.

ಡಾಕ್ಟರು ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವರಿದ್ದಿರಬಹುದು. ಬೆನ್ನು ನೋಡಿದವರೇ ಮುಲಾಮಿನ ಟ್ಯೂಬನ್ನು ಪಕ್ಕಕ್ಕೆ ಸರಿಸಿ, "ಮಣ್ಣಲ್ಲಿ ಕೆಲಸನಾ?" ಎಂದರು.

"ಇಲ್ಲ ಡಾಕ್ಟ್ರೇ, ಕೆಲಸ ನೀರಲ್ಲಿ," ಎಂದ ಪೈಪಣ್ಣ. "ಮಣ್ಣಲ್ಲಿ ಬರೀ ಮಲಗೋದು."

ಡಾಕ್ಟರು ನಕ್ಕರು. ಬೆಕ್ಕು ನಾಯಿಗಳ ಹೊಟ್ಟೆಯಲ್ಲಿ ಒಂದು ಹುಳ ಇರುತ್ತದೆ ಎಂದರು. ಅವು ಹೇಲುವಾಗ ಅದರ ಮೊಟ್ಟೆ ಮಣ್ಣಿಗೆ ಬೀಳುತ್ತದೆ. ನೆರಳು ಮತ್ತು ತೇವ ಸಿಕ್ಕರೆ ಮರಿಯಾಗುತ್ತದೆ. ಮತ್ತೊಂದು ಬೆಕ್ಕಿನ ಕಾಲಿಗೋ ಹೊಟ್ಟೆಗೋ ಅಂಟಲು ಕಾಯುತ್ತಿರುತ್ತದೆ. "ನಿಮ್ಮ ಬೆನ್ನು ಸಿಕ್ಕಿತು, ಹತ್ಕೊಂಡ್ಬಿಡ್ತು. ಬೆಕ್ಕಾಗಿದ್ರೆ ಒಳಗೆ ಹೋಗೋಕೆ ಅದಕ್ಕೆ ದಾರಿ ಗೊತ್ತಿರ್ತಿತ್ತು. ಮನುಷ್ಯರ ಚರ್ಮ ದಾಟೋಕೆ ಬರಲ್ಲ. ಮೇಲ್ಗಡೆ ಪದರದಲ್ಲೇ ಅಲೀತಾ ಇರುತ್ತೆ. ಈ ಗೆರೆ ಅದು ನಡೆದ ದಾರಿ."

"ಅಂದ್ರೆ ಮನೆ ತಪ್ಪಿ ಬಂದ ಬಾಡಿಗೆದಾರ."

"ಹಾಗೇ ಅಂದ್ಕೊಳ್ಳಿ."

"ಬೇರೆಯವರಿಗೆ ಬರುತ್ತಾ ಡಾಕ್ಟ್ರೇ?" ಟೈಲರಮ್ಮ ಕುರ್ಚಿಯ ತುದಿಗೆ ಬಂದಳು. "ಮನೆಗೆ ಹಸುಗೂಸು ಬರೋದಿದೆ."

"ಒಬ್ಬರಿಂದ ಒಬ್ಬರಿಗೆ ಬರಲ್ಲ. ಮಣ್ಣಿಂದ ಮಾತ್ರ."

"ಬಟ್ಟೆಯಿಂದ?"

"ಬರಲ್ಲ."

"ಒಂದೇ ಹಾಸಿಗೇಲಿ ಮಲಗಿದ್ರೆ?"

"ಅಮ್ಮಾ, ಬರಲ್ಲ."

"ಸೂಜಿಯಿಂದ ಮೆಲ್ಲಗೆ ತೆಗೆಯೋಕಾಗಲ್ವಾ? ನನ್ನ ಕೈ ನಡುಗಲ್ಲ."

"ಖಂಡಿತ ಆ ಕೆಲಸಕ್ಕೆ ಹೋಗ್ಬೇಡಿ. ಗೆರೆ ಎಲ್ಲಿ ಕಾಣುತ್ತೋ ಅಲ್ಲಿ ಹುಳ ಇರಲ್ಲ, ಅದು ಆಗಲೇ ಮುಂದೆ ಹೋಗಿರುತ್ತೆ. ಚುಚ್ಚಿದ್ರೆ ಗಾಯ ಆಗುತ್ತೆ ಅಷ್ಟೆ." ಅವರು ಮಾತ್ರೆ ಬರೆದರು. ಇವತ್ತೇ ಒಂದು ಸಲ ತೆಗೆದುಕೊಂಡರೆ ಸಾಕು, ಬಹಳ ಜನಕ್ಕೆ ಅಷ್ಟರಲ್ಲೇ ಸಾಯುತ್ತದೆ, ಸತ್ತ ಮೇಲೂ ಸ್ವಲ್ಪ ದಿನ ತುರಿಸುತ್ತದೆ, ಹೆದರಬೇಡಿ ಎಂದರು. ಆಮೇಲೆ ಮೇಜಿನ ಮೇಲಿದ್ದ ಪೆನ್ನು ತೆಗೆದು, ಗೆರೆಯ ತುದಿಗೆ ಒಂದು ಅಡ್ಡಗೀಟು ಎಳೆದರು. "ನೋಡಿ, ತುದಿ ಇಲ್ಲಿದೆ, ಈ ಕಪ್ಪು ಮಚ್ಚೆ ಕೆಳಗೆ. ದಿನಾ ನೋಡ್ತಿರಿ. ಗೆರೆ ಗೀಟು ದಾಟಿದ್ರೆ ಬದುಕಿದೆ, ದಾಟದೆ ನಿಂತ್ರೆ ಸತ್ತಿದೆ. ದಾಟಿದ್ರೆ ಮಾತ್ರ ಬನ್ನಿ. ಗೀಟು ಅಳಿಸಿಹೋದ್ರೆ ಮತ್ತೆ ಹಾಕ್ಕೊಳ್ಳಿ."

ಟೈಲರಮ್ಮ ಅದನ್ನು ಪಾಠದ ಹಾಗೆ ತಿರುಗಿ ಒಪ್ಪಿಸಿದಳು. ಬಾಗಿಲ ತನಕ ಹೋದವಳು ಮತ್ತೆ ಬಂದು, "ಅಳಿಸಿಹೋದ್ರೆ ಮತ್ತೆ ಹಾಕ್ಬೇಕು ಅಲ್ವಾ?" ಎಂದು ಖಾತ್ರಿ ಮಾಡಿಕೊಂಡಳು.

ಅಂದಿನಿಂದ ಸಂಜೆಯ ಕೆಲಸ ನಿಗದಿಯಾಯಿತು. ಪೈಪಣ್ಣ ಮೈಯೆಲ್ಲ ಮಣ್ಣು ಮಾಡಿಕೊಂಡು ಬರುತ್ತಿದ್ದ. ಸ್ನಾನ ಆಗುವ ತನಕ ಅವಳು ಅವನ ಬೆನ್ನು ಮುಟ್ಟುತ್ತಿರಲಿಲ್ಲ. ಸ್ನಾನ ಆದ ಮೇಲೆ ಮಷೀನಿನ ದೀಪ ಬಗ್ಗಿಸಿ, ಸ್ಟೂಲಿನ ಮೇಲೆ ಕೂರಿಸಿ, ಕನ್ನಡಕ ಏರಿಸಿ, ಮೂಗು ತಾಗುವಷ್ಟು ಹತ್ತಿರದಿಂದ ಗೆರೆಯ ತುದಿ ಹುಡುಕುತ್ತಿದ್ದಳು. ಹಿಂದಿನ ದಿನದ ಗೀಟು ಹೋಗಿರುತ್ತಿತ್ತು. ಹೋಗದೆ ಏನಾದೀತು? ಬಾಲ್‌ಪೆನ್ನಾದರೆ ಅಂಗಿಗೆ, ಅಂಗಿಯಿಂದ ಗಿರಾಕಿಗಳ ಬಟ್ಟೆಗೆ ಶಾಯಿ ಹತ್ತೀತೆಂದು ಅವಳು ಬಳಸುತ್ತಿದ್ದದ್ದು ತನ್ನ ನೀಲಿ ಗುರುತಿನ ಪೆನ್ನು. ಬಟ್ಟೆಯ ಮೇಲೆ ಬರೆದರೆ ಒಂದು ಹನಿ ನೀರಿಗೆ ಮಾಯವಾಗುವಂಥದ್ದು. ಹಾಗಾಗಿ ತುದಿ ಹುಡುಕಿ, ಉಸಿರು ಬಿಗಿ ಹಿಡಿದು, ಅಲ್ಲಿಗೆ ಸರಿಯಾಗಿ ಹೊಸದಾಗಿ ಒಂದು ಗೀಟು ಎಳೆಯುತ್ತಿದ್ದಳು. ಮಲಗುವ ತನಕ ಅಂಗಿ ಎತ್ತಿ ಎತ್ತಿ ನೋಡುತ್ತಿದ್ದಳು. ಗೆರೆ ದಾಟಿರುತ್ತಿರಲಿಲ್ಲ.

"ನಿಂತಿದೆ ಕಣ್ರೀ."

"ನಿಂತಿದ್ರೆ ನನಗೇಕೆ ಗೊತ್ತಾಗ್ತಿಲ್ಲ? ರಾತ್ರಿಯೆಲ್ಲ ಉರಿ. ಮೊದಲು ಕೆಳಗಡೆ ತುರಿಸ್ತಿತ್ತು, ಈಗ ಮೇಲ್ಗಡೆ. ಬಾಡಿಗೆದಾರ ಸತ್ತಿದ್ರೆ, ಮಹಡಿ ಹತ್ತಿ ಸತ್ತಿದಾನೆ."

"ಸತ್ತ ಮೇಲೂ ತುರಿಸುತ್ತೆ ಅಂದಿದಾರೆ ಡಾಕ್ಟ್ರು. ನಿಮಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು. ಹುಳಕ್ಕೆ ಕೇಳಿಸ್ತೋ ಇಲ್ವೋ."

ಅವಳು ಅವನ ಬೆನ್ನಿಗೆ ಎಂದು ಹಳೆಯ ಸೋಫಾದ ರೆಕ್ಸಿನ್ ಹೊಲಿದು, ನಾಲ್ಕು ಮೂಲೆಗೆ ಪಟ್ಟಿ ಇಟ್ಟು, ಮಣ್ಣಿನ ಮೇಲೆ ಹಾಸಿಕೊಳ್ಳಲು ಒಂದು ಹಾಳೆ ಮಾಡಿಕೊಟ್ಟಳು. ಅವನು ಅದನ್ನು ನೋಡಿ, "ಇಷ್ಟು ಚೆನ್ನಾಗಿರೋದನ್ನ ಮಣ್ಣಿಗೆ ಹಾಕೋದಾ," ಎಂದ. ಆದರೂ ಮಡಚಿ ಚೀಲಕ್ಕೆ ಹಾಕಿಕೊಂಡ.

ಗೆರೆ ಗೀಟು ದಾಟದ ಸಂಜೆಗಳು ಸಾಕಷ್ಟಾದವು ಅನ್ನಿಸಿದಾಗ ಅವಳು ಮಗಳಿಗೆ ಫೋನು ಮಾಡಿದಳು. "ನಿಂತಿದೆ ಕಣೇ. ದಿನಾ ನೋಡಿದೀನಿ. ನನ್ನ ಕಣ್ಣಾರೆ."

ಅಂಟುವುದಿಲ್ಲವೆಂದು ಡಾಕ್ಟರು ಹೇಳಿದ್ದನ್ನು ಮೊದಲೇ ತಿಳಿಸಿದ್ದರೂ, ಗೆರೆ ನಿಲ್ಲಲೇಬೇಕೆಂದು ಮಗಳು ಹಟ ಹಿಡಿದಿದ್ದಳು. "ನೀನು ನೋಡಿದೀಯ ಅಂದ್ಮೇಲೆ ಸರಿ ಬಿಡಮ್ಮಾ," ಎಂದಳು ಮಗಳು. "ನಾದಿನಿಗೆ ಬೇಡ ಅಂತ ಹೇಳ್ತೀನಿ. ಸೋಮವಾರದಿಂದ ಬಿಡ್ತೀನಿ."

ಫೋನಿಟ್ಟ ಮೇಲೂ ಟೈಲರಮ್ಮನ ಕಾಲು ನೆಲಕ್ಕೆ ನಿಲ್ಲಲಿಲ್ಲ. ಖುಷಿಯೋ ಕಳವಳವೋ ಅವಳಿಗೇ ತಿಳಿಯಲಿಲ್ಲ. ಹಾಸು ಕೊಡವಿದಳು. ಮತ್ತೆ ಕೊಡವಿದಳು.

ಶನಿವಾರ ಬೆಳಗ್ಗೆ ಅವಳ ಮುಂದೆ ಹೋಟೆಲಿನ ಬಾಗಿಲು ಕಾಯುವವನ ಕೋಟು ಇತ್ತು. ತೋಳು ಉದ್ದವಾಗಿದೆ, ಗಿಡ್ಡ ಮಾಡಬೇಕು. ಚಾಕಿನಲ್ಲಿ ಗುರುತು ಹಾಕಿದ್ದಳು. ಕೋಟನ್ನು ಒಳಹೊರಗು ಮಾಡುವಾಗ ಅಳಿಸಿಹೋಯಿತು. ಅವಳು ಯೋಚನೆಯನ್ನೇ ಮಾಡದೆ ಟೇಪು ಎತ್ತಿ, ಭುಜದ ಹೊಲಿಗೆಗೆ ಒಂದು ತುದಿ ಒತ್ತಿ, ಕೆಳಗೆ ಇಳಿಸಿ ಅಳೆದು, ಮತ್ತೆ ಗುರುತು ಹಾಕಿದಳು.

ಕೈ ಅಲ್ಲೇ ನಿಂತಿತು.

ಮದುವೆಯಾದ ಹೊಸದರಲ್ಲಿ ಸಂಜೆ ತರಗತಿಗೆ ಹೋಗಿ ಹೊಲಿಗೆ ಕಲಿತವಳು ಅವಳು. ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಪಾಠ ಮಾಡುತ್ತಿದ್ದ ಟೀಚರು ಒಬ್ಬರಿದ್ದರು. ಪಿನ್ನು ಕಚ್ಚಿದ್ದರಿಂದ ಅವರ ಮಾತೆಲ್ಲ ಗದರಿದ ಹಾಗೆ ಕೇಳುತ್ತಿತ್ತು. ಗುರುತು ಅಳಿಸಿದರೆ ಮಡಿಕೆಯ ಅಂಚು ನೋಡಿ ಹಾಕಬೇಡಿ, ಅಂಚು ಜಾರುತ್ತದೆ, ನೀವೂ ಅದರ ಜೊತೆ ಜಾರುತ್ತೀರಿ. ಅಲ್ಲಾಡದ ಹೊಲಿಗೆಯಿಂದ ಅಳೆದು ಹಾಕಿ ಎಂದು ಅವರು ಎಷ್ಟು ಸಲ ಗದರಿದ್ದರೋ. ಕೋಟಿನ ತೋಳಿಗೆ ಅವಳ ಕೈ ತಾನಾಗಿಯೇ ಹಾಗೆ ಮಾಡಿತ್ತು. ಗಂಡನ ಬೆನ್ನಿಗೆ?

ಗಂಡನ ಬೆನ್ನಿನ ಮೇಲೆ ಅವಳು ದಿನಾ ಅಂಚು ನೋಡಿ ಗುರುತು ಹಾಕಿದ್ದಳು. ಗೆರೆ ಎಲ್ಲಿಗೆ ಹೋಗಿತ್ತೋ ಅಲ್ಲಿಗೇ ಗೀಟನ್ನೂ ಕೊಂಡೊಯ್ದಿದ್ದಳು. ಹಾಗಿದ್ದ ಮೇಲೆ ಗೆರೆ ಗೀಟನ್ನು ದಾಟುವುದು ಹೇಗೆ?

ಡಾಕ್ಟರು ತೋರಿಸಿದ ಕಪ್ಪು ಮಚ್ಚೆ ನೆನಪಾಯಿತು. ಗೀಟು ಮಚ್ಚೆಯ ಕೆಳಗಿತ್ತು. ಈಗ? ನಿನ್ನೆ ದೀಪದ ಕೆಳಗೆ ಮಚ್ಚೆ ಕಂಡಿತ್ತೇ? ಕಂಡಿದ್ದರೆ ಯಾವ ಕಡೆ? ಅವಳು ನೋಡಿದ್ದು ತುದಿಯನ್ನು ಮಾತ್ರ. ಬೆರಳಗಲದ ಚರ್ಮವನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಕೋಟನ್ನು ಹಾಗೇ ಬಿಟ್ಟು, ಟೇಪು ಕುತ್ತಿಗೆಯಲ್ಲೇ ಇರುವಂತೆ, ಅಂಗಡಿಯ ಬಾಗಿಲು ಎಳೆದುಕೊಂಡು ಹೊರಟಳು. ಪೈಪಣ್ಣ ಅಂದು ಬೀದಿಯ ಕೊನೆಯ ಹಸಿರು ಬಾಗಿಲಿನ ಮನೆಯಲ್ಲಿ ಕೆಲಸ ಹಿಡಿದಿದ್ದ. ಮನೆಯ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿದ್ದವು.

"ರೀ, ಹೊರಗೆ ಬನ್ನಿ."

"ಯಾರು? ನೀನಾ? ಏನಾಯ್ತೇ? ಈ ಪೈಪು ಬಿಟ್ರೆ ನನ್ನ ಮುಖದ ಮೇಲೇ ಸುರಿಯುತ್ತೆ."

"ಸುರೀಲಿ. ಬನ್ನಿ ಅಂದ್ನಲ್ಲ."

ಅವನು ತೆವಳಿಕೊಂಡು ಬಂದ. ಬೆನ್ನಡಿಗೆ ಏನೂ ಹಾಸಿರಲಿಲ್ಲ. ರೆಕ್ಸಿನ್ ಹಾಳೆ ಮಡಚಿ ತಲೆಯಡಿಗೆ ಇಟ್ಟುಕೊಂಡಿದ್ದ. ಅವಳ ಕಣ್ಣು ಅಲ್ಲಿಗೆ ಹೋದದ್ದನ್ನು ನೋಡಿ, "ದಿಂಬಾಗಿ ಬಲು ಸೊಗಸಾಗಿದೆ," ಎಂದ. ಬಯ್ಯಲು ಅವಳಿಗೆ ಹೊತ್ತಿರಲಿಲ್ಲ. ಅವನನ್ನು ತಿರುಗಿಸಿ ನಿಲ್ಲಿಸಿ, ಬನಿಯನ್ ಕುತ್ತಿಗೆಯ ತನಕ ಎತ್ತಿದಳು. ಕಿಟಕಿಯಿಂದ ಮನೆಯೊಡತಿ ಇಣುಕಿ ನೋಡಿದರು.

"ಬೀದೀಲಿ ಬಟ್ಟೆ ಬಿಚ್ಚಿಸ್ತೀಯಲ್ಲೇ."

"ಮಾತಾಡ್ಬೇಡಿ, ಅಲ್ಲಾಡುತ್ತೆ."

ಸೆರಗಿನಿಂದ ಮಣ್ಣು ಒರೆಸಿದಳು. ಹಗಲ ಬೆಳಕಿನಲ್ಲಿ ಅವಳು ಆ ಬೆನ್ನನ್ನು ಇಡಿಯಾಗಿ ನೋಡಿದ್ದು ಎಷ್ಟೋ ದಿನಗಳ ಮೇಲೆ. ಗೆರೆ ಮಚ್ಚೆಯ ಕೆಳಗೆ ಬಂದು, ಅದನ್ನು ಬಳಸಿ, ಒಂದು ಸುತ್ತು ಹಾಕಿ, ಮಚ್ಚೆಯನ್ನು ಎಷ್ಟೋ ಹಿಂದೆ ಬಿಟ್ಟು ಭುಜದ ಮೂಳೆಯ ಕಡೆ ಹೋಗಿತ್ತು. ತುದಿ ಹೊಸದಾಗಿ ಕೆಂಪಗಿತ್ತು.

"ಏನಂತೆ?" ಎಂದ ಪೈಪಣ್ಣ ಮುಂದೆ ನೋಡುತ್ತಲೇ.

"ಮಹಡಿ ಹತ್ತಿದೆ," ಎಂದಳು ಅವಳು.

ಅವನು ನಗಲಿಲ್ಲ. "ಸೋಮವಾರ ಗುಬ್ಬಿ ಬರ್ತಾಳೆ ಅಲ್ವಾ," ಎಂದ. "ಇದು ಯಾರಿಗೂ ಅಂಟಲ್ಲ ಅಂತ ಡಾಕ್ಟ್ರೇ ಹೇಳಿದಾರೆ. ಮಗಳಿಗೆ ಈಗ ಹೇಳೋದ್ರಿಂದ ಏನುಪಯೋಗ? ಮಾತ್ರೆ ಇನ್ನೊಂದು ಸಲ ತಗೋತೀನಿ. ಹೋಗುತ್ತೆ."

ಅವನು ಅಂದದ್ದು ಅಷ್ಟೂ ಅವಳ ತಲೆಯೊಳಗೆ ಆಗಲೇ ಓಡಿತ್ತು. ಇಡೀ ಬೀದಿಯುದ್ದಕ್ಕೂ ಅದೇ ಓಡಿತ್ತು. ಅಂಟುವುದಿಲ್ಲ. ಮೂರು ಸಲ ಕೇಳಿದ್ದಾಳೆ, ಮೂರು ಸಲವೂ ಡಾಕ್ಟರು ಇಲ್ಲವೆಂದಿದ್ದಾರೆ. ಸುಮ್ಮನಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ಗುಬ್ಬಿ ಆ ಹಾಸಿನ ಮೇಲೆ ಮಲಗುತ್ತಾಳೆ. ಹೇಳಿದರೆ ರೈಲು ಹತ್ತುತ್ತಾಳೆ. ಇಷ್ಟು ನೇರವಾಗಿ ಲೆಕ್ಕ ಸಿಕ್ಕಿದ್ದಕ್ಕೇ ಅವಳಿಗೆ ಭಯವಾಯಿತು. ನೇರವಾಗಿ ಕಾಣುವ ಹೊಲಿಗೆಯನ್ನೇ ಅವಳು ತಿರುಗಿಸಿ ನೋಡುವುದು.

"ಮೊದಲು ಡಾಕ್ಟ್ರು," ಎಂದಳು. "ನಡೀರಿ."

ಶನಿವಾರ ಆಸ್ಪತ್ರೆ ಮಧ್ಯಾಹ್ನದ ತನಕ ಮಾತ್ರ. ಡಾಕ್ಟರು ಕುರ್ಚಿ ಬಿಟ್ಟು ಏಳುವ ಹೊತ್ತಿಗೆ ಇವರು ಒಳಗೆ ಹೋದರು. ಪೈಪಣ್ಣನ ಕೂದಲಲ್ಲಿ ಇನ್ನೂ ಮಣ್ಣಿತ್ತು.

"ದಾಟಿದ್ರೆ ಬನ್ನಿ ಅಂದಿದ್ದೆ. ಇದು ದಾಟಿ ಎಷ್ಟು ದಿನ ಆಗಿದೆ," ಎಂದರು ಡಾಕ್ಟರು. "ಗೀಟು ಹಾಕಿರ್ಲಿಲ್ವಾ?"

"ದಿನಾ ಹಾಕ್ತಿದ್ದೆ ಡಾಕ್ಟ್ರೇ. ದಿನಾ ಹೊಸದಾಗಿ. ತುದಿ ಎಲ್ಲಿದೆಯೋ ಅಲ್ಲಿಗೆ."

ಡಾಕ್ಟರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ತುಟಿಯಂಚಿಗೆ ನಗು ಬಂತು. ಟೈಲರಮ್ಮನ ಮುಖ ನೋಡಿ ಅಲ್ಲೇ ನಿಂತಿತು. "ಮೊದಲು ಎಲ್ಲಿತ್ತೋ ಅಲ್ಲಿಗೆ ಹಾಕಿ ಅಂತ ನಾನೂ ಬಿಡಿಸಿ ಹೇಳಬೇಕಿತ್ತು," ಎಂದರು. "ಇರ್ಲಿ. ಕೆಲವರಿಗೆ ಒಂದು ಸಲದ ಮಾತ್ರೆಗೆ ಸಾಯಲ್ಲ. ಈ ಸಲ ಬೇರೆ ಮಾತ್ರೆ, ವಾರವಿಡೀ ತಗೊಳ್ಳಿ, ಊಟ ಆದ ಮೇಲೆ. ಮತ್ತೆ ಬರೀ ಬೆನ್ನಲ್ಲಿ ಮಣ್ಣಿಗೆ ಹೋಗ್ಬೇಡಿ, ಇಲ್ಲಾಂದ್ರೆ ಒಬ್ಬ ಸತ್ರೆ ಇನ್ನೊಬ್ಬ ಬಾಡಿಗೆಗೆ ಬರ್ತಾನೆ."

"ಹಾಳೆ ಇದೆ ಡಾಕ್ಟ್ರೇ," ಎಂದ ಪೈಪಣ್ಣ.

"ತಲೆಗೆ ಹಾಕ್ಕೊಳ್ತಾರೆ," ಎಂದಳು ಟೈಲರಮ್ಮ.

ಆಸ್ಪತ್ರೆಯಿಂದ ನೇರ ಮಗಳ ಮನೆಗೆ ನಡೆದಳು. ಗಂಡ ಜೊತೆಗೆ ಬರುತ್ತೇನೆಂದರೂ ಬೇಡವೆಂದಳು. ಅವನು ಬಂದರೆ ಯಾವುದಾದರೂ ತಮಾಷೆ ಮಾಡಿ ಅವಳ ಬಾಯಿ ಕಟ್ಟಿಬಿಡುತ್ತಾನೆ. ದಾರಿಯುದ್ದಕ್ಕೂ ಮಾತು ಜೋಡಿಸಿದಳು, ಬಿಚ್ಚಿದಳು, ಮತ್ತೆ ಜೋಡಿಸಿದಳು. ಮಗಳು ಬಾಗಿಲು ತೆಗೆದಾಗ ಜೋಡಿಸಿದ್ದೆಲ್ಲ ಬಿಟ್ಟುಹೋಗಿ ನೇರವಾಗಿ ಬಾಯಿಂದ ಬಂತು.

"ನಿಂತಿಲ್ಲ ಕಣೇ. ನಡೀತಾನೇ ಇತ್ತು. ನಾನು ಗೀಟನ್ನ ಅದರ ಜೊತೆಗೇ ನಡೆಸಿದೆ."

ಎಲ್ಲವನ್ನೂ ಹೇಳಿದಳು. ನೀಲಿ ಪೆನ್ನು, ಸ್ನಾನ, ಕೋಟು, ಮಚ್ಚೆ. ಮಗಳು ಗುಬ್ಬಿಯ ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಕೇಳಿದಳು. ಒಳಗೆ ಗುಬ್ಬಿ ನಿದ್ದೆಯಲ್ಲಿ ಚಪ್ಪರಿಸುವ ಸದ್ದು.

"ನಾದಿನಿಗೆ ಬೇಡ ಅಂದ್ಬಿಟ್ಟೆ. ಅವರು ಆಗಲೇ ಮುಖ ದಪ್ಪ ಮಾಡ್ಕೊಂಡಿದಾರೆ."

"ಹೂಂ."

"ಒಂದು ಕೇಳ್ತೀನಿ, ನಿಜ ಹೇಳಮ್ಮಾ. ನೀನು ಕೋಟು, ಪ್ಯಾಂಟು ಅಂತ ಇಷ್ಟು ವರ್ಷ ಗುರುತು ಹಾಕ್ದವಳು. ಒಂದು ದಿನ, ಒಂದೇ ಒಂದು ದಿನ, ಇದು ಸರಿಯಿಲ್ಲ ಅಂತ ನಿನಗೆ ಅನ್ನಿಸ್ಲೇ ಇಲ್ವಾ? ಗೊತ್ತಿದ್ದೂ ಮಾಡಿದ್ಯಾ?"

ಇಲ್ಲ ಎನ್ನಲು ಟೈಲರಮ್ಮ ಬಾಯಿ ತೆರೆದಳು. ಇಲ್ಲ ಎನ್ನುವುದು ನಿಜವೂ ಆಗಿತ್ತು. ಆದರೆ ಗಂಡ ಮೇಲ್ಗಡೆ ತುರಿಸುತ್ತಿದೆ ಎಂದಾಗ ತಾನು ಎಷ್ಟು ಬೇಗ ಅವನ ಬಾಯಿ ಮುಚ್ಚಿಸಿದ್ದೆ ಎಂಬುದು ನೆನಪಾಯಿತು. ಕೋಟಾಗಿದ್ದರೆ ಇನ್ನೊಂದು ಸಲ ಅಳೆಯುತ್ತಿರಲಿಲ್ಲವೇ? ಬಾಗಿಲು ಕಾಯುವವನ ಕೋಟಿಗಿದ್ದ ಮರ್ಯಾದೆ ಗಂಡನ ಬೆನ್ನಿಗೆ ಇರಲಿಲ್ಲವೇ?

"ಗೊತ್ತಿಲ್ಲ," ಎಂದಳು. "ಗೊತ್ತಿದ್ದು ಮಾಡ್ಲಿಲ್ಲ. ಆದ್ರೆ ನಿಂತಿರ್ಲಿ ಅಂತ ತುಂಬಾ ಆಸೆ ಇತ್ತು. ಆ ಆಸೆ ಕೈಗೂ ಇತ್ತೋ ಏನೋ, ನನಗೆ ಗೊತ್ತಿಲ್ಲ."

ಮಗಳು ಕೈಯಲ್ಲಿದ್ದ ಪುಟ್ಟ ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಆ ಅಭ್ಯಾಸ ಎಲ್ಲಿಂದ ಬಂದದ್ದೆಂದು ಟೈಲರಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

"ಇನ್ನೊಂದು ವಾರ ರಜೆ ಕೇಳ್ತೀನಿ," ಎಂದಳು ಮಗಳು ಕೊನೆಗೆ. "ದಿನಾ ಸಂಜೆ ನಾನೇ ಬಂದು ನೋಡ್ತೀನಿ. ನೀನು ಪೆನ್ನು ಮುಟ್ಟಬೇಡ. ಮಾತ್ರೆ ಮುಗಿದ ಮೇಲೂ ನಡೀತಿದ್ರೆ ಗುಬ್ಬಿ ಹೋಗ್ತಾಳೆ. ಅಷ್ಟೆ."

"ಅಷ್ಟೆ," ಎಂದಳು ಟೈಲರಮ್ಮ.

ಆ ವಾರ ಮಗಳು ಹೇಳಿದ ಹಾಗೇ ಸಂಜೆ ಸಂಜೆ ಬಂದಳು. ಗುಬ್ಬಿಯನ್ನು ಬಿಟ್ಟು ಬರಲು ಯಾರೂ ಇರಲಿಲ್ಲವಾದ್ದರಿಂದ ಸೊಂಟದ ಮೇಲಿಟ್ಟುಕೊಂಡೇ ಬಂದಳು. ಮೊದಲ ದಿನ ಸುಲಭಕ್ಕೆ ಅಳಿಸದ ಶಾಯಿಯಲ್ಲಿ ಗೆರೆಯ ತುದಿಗೆ ಗೀಟು ಹಾಕಿದಳು. ಪೈಪಣ್ಣ ಸ್ಟೂಲಿನ ಮೇಲೆ ಬೆನ್ನು ಕೊಟ್ಟು ಕೂರುತ್ತಿದ್ದ. ಗುಬ್ಬಿ ಎರಡೂ ಕೈ ಚಾಚಿ ಅವನ ಕಿವಿ ಹಿಡಿಯಲು ನೋಡುತ್ತಿದ್ದಳು. ಮಗಳು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಟೈಲರಮ್ಮ ಅಡುಗೆಮನೆಯ ಬಾಗಿಲಲ್ಲಿ ಕೈ ಕಟ್ಟಿ ನಿಲ್ಲುತ್ತಿದ್ದಳು, ಪರೀಕ್ಷೆಯ ಕೋಣೆಯ ಹೊರಗೆ ನಿಂತವರ ಹಾಗೆ. ಎರಡನೆಯ ಸಂಜೆ ಗೆರೆ ಗೀಟನ್ನು ಎಳ್ಳಷ್ಟು ದಾಟಿತ್ತು. ಮಗಳು ಏನೂ ಅನ್ನದೆ, ಹಳೆಯ ಗೀಟು ಹಾಗೇ ಉಳಿಸಿ, ಮುಂದೆ ಇನ್ನೊಂದು ಹಾಕಿ ಹೋದಳು. ಆ ಸಂಜೆ ಟೈಲರಮ್ಮ ಹಾಸನ್ನು ಸುತ್ತಿ ಮೂಲೆಗೆ ನಿಲ್ಲಿಸಿದಳು. ಮರುದಿನ ಮತ್ತೆ ಹಾಸಿದಳು.

ಮೂರನೆಯ ಸಂಜೆಯಿಂದ ಎರಡನೆಯ ಗೀಟಿನ ಹತ್ತಿರ ಗೆರೆ ಮಂಕಾಗತೊಡಗಿತು. ಮಂಕಾಗುವುದೆಂದರೆ ಸಾಯುವುದೋ, ಅಥವಾ ಆಳಕ್ಕಿಳಿಯುವುದೋ? ಆಳಕ್ಕಿಳಿಯಲು ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಆದರೂ? ಪೈಪಣ್ಣ, "ಬಾಡಿಗೆದಾರ ಇವತ್ತು ಸದ್ದಿಲ್ಲ ಕಣೇ," ಎಂದರೂ ಅವಳು ನಂಬಲಿಲ್ಲ. ಅವನ ಮಾತನ್ನು ಮೊದಲು ನಂಬದೆ ಕೆಟ್ಟಿದ್ದವಳು, ಈಗ ನಂಬಿ ಕೆಡಲು ಹೆದರಿದಳು. ಅವನ ಬೆನ್ನಿನಷ್ಟು ಅಗಲದ ರೆಕ್ಸಿನ್ ಹಾಳೆಗೆ ಈ ಸಲ ಎರಡು ತೋಳುಪಟ್ಟಿ ಹೊಲಿದು, ಚೀಲದ ಹಾಗೆ ಬೆನ್ನಿಗೇ ಏರಿಸಿಕೊಳ್ಳುವಂತೆ ಮಾಡಿದ್ದಳು. "ಆಮೆ ಮಾಡ್ಬಿಟ್ಟೆ ನನ್ನ," ಎಂದುಕೊಂಡೇ ಅವನು ಅದನ್ನು ತೊಟ್ಟುಕೊಂಡು ಕೆಲಸಕ್ಕೆ ಹೋದ.

ಮಾತ್ರೆ ಮುಗಿದ ಸಂಜೆ ಮಗಳು ಬಂದಾಗ ಪೈಪಣ್ಣ ಆಗಲೇ ಸ್ಟೂಲಿನ ಮೇಲೆ ಕೂತಿದ್ದ. ಬೆನ್ನು ಕೆರೆದುಕೊಂಡೇ ಇರಲಿಲ್ಲ. ಮಗಳು ಗುಬ್ಬಿಯನ್ನು ಸೊಂಟದಲ್ಲಿ ಜಾರದಂತೆ ಒತ್ತಿಕೊಂಡು ದೀಪ ಬಗ್ಗಿಸಿ ನೋಡಿದಳು. ವಾರದ ಬೆವರಿಗೆ ಆ ಶಾಯಿಯ ಗೀಟುಗಳೂ ಹರಡಿ, ಯಾವುದು ಎಲ್ಲಿತ್ತೆಂದು ಸರಿಯಾಗಿ ಕಾಣುತ್ತಿರಲಿಲ್ಲ.

"ಅಳೆದು ನೋಡ್ಬೇಕು," ಎಂದಳು. "ಮಚ್ಚೆಯಿಂದ ತುದಿಗೆ. ಎಷ್ಟು ಬೆರಳು ದೂರ ಅಂತ ದಿನಾ ಮನಸ್ಸಲ್ಲಿ ಇಟ್ಕೊಂಡಿದೀನಿ, ಇವತ್ತು ಟೇಪಲ್ಲೇ ನೋಡ್ಬೇಕು."

ಟೈಲರಮ್ಮ ಕುತ್ತಿಗೆಯಿಂದ ಟೇಪು ತೆಗೆದು ಚಾಚಿದಳು. ತಾನೇ ಅಳೆಯುವುದಾಗಿ ಹೇಳಲು ಬಾಯಿ ಬರಲಿಲ್ಲ. ಮಗಳು ಟೇಪು ತೆಗೆದುಕೊಂಡಳು. ಒಂದೇ ಕೈಯಲ್ಲಿ ಮಚ್ಚೆಗೆ ತುದಿ ಒತ್ತಿ ಹಿಡಿದರೆ ಇನ್ನೊಂದು ತುದಿ ಜೋತು ಬಿತ್ತು. ಗುಬ್ಬಿ ಅದನ್ನು ಹಿಡಿದು ಬಾಯಿಗೆ ಹಾಕಿಕೊಂಡಳು. ಮಗಳು ಬಿಡಿಸಿದಳು, ಮತ್ತೆ ಒತ್ತಿದಳು. ಮತ್ತೆ ಜೋತು ಬಿತ್ತು.

ಟೇಪು ಹಿಡಿಯಲು ಎರಡು ಕೈ ಬೇಕು.

ಮಗಳು ಅಮ್ಮನನ್ನು ನೋಡಿದಳು, ಕೈಯಲ್ಲಿದ್ದ ಟೇಪನ್ನು ನೋಡಿದಳು. ಯಾವುದನ್ನು ಕೊಡುವುದೆಂದು ಒಂದು ಗಳಿಗೆ ತೂಗಿದ ಹಾಗಿತ್ತು. "ಹಿಡ್ಕೋ," ಎಂದು ಗುಬ್ಬಿಯನ್ನು ಅಮ್ಮನ ತೋಳಿಗೆ ಕೊಟ್ಟಳು.

ಗುಬ್ಬಿ ಟೈಲರಮ್ಮನ ಎದೆಗೆ ಭಾರವಾಗಿ ಬಂದು ಬಿದ್ದು, ಕನ್ನಡಕದ ದಾರ ಹಿಡಿದು ಎಳೆದಳು. ಎರಡು ವಾರದಲ್ಲೇ ತೂಕ ಏರಿದೆ ಅನ್ನಿಸಿತು. ಟೈಲರಮ್ಮ ಗೋಡೆಯ ಕಡೆ ನೋಡುತ್ತ ನಿಂತಳು. ಹಿಂದೆ ಟೇಪು ಬೆನ್ನಿಗೆ ತಗಲುವ ಸದ್ದಿಲ್ಲದ ಸದ್ದು.

"ಮೊನ್ನೆ ಎಷ್ಟಿತ್ತೋ ಅಷ್ಟೇ," ಎಂದಳು ಮಗಳು. "ನಿನ್ನೆಯೂ ಅಷ್ಟೇ ಇತ್ತು. ನಿಂತಿದೆಯಮ್ಮಾ."

ಟೈಲರಮ್ಮನ ಕೈ ಗುಬ್ಬಿಯ ಬೆನ್ನಿನ ಮೇಲೆ ಓಡಾಡುತ್ತಿತ್ತು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ನುಣುಪಾದ, ಗೆರೆಯಿಲ್ಲದ ಬೆನ್ನು.

"ಇನ್ನೊಂದು ಸಲ ಅಳೆ," ಎಂದಳು.

"ಅಮ್ಮಾ."

"ಅಳೆ. ನಾನು ಹಿಡ್ಕೊಂಡಿರ್ತೀನಿ."